ಕಿಲ್ಲೇದಾರನ ದನಿ

ಗಜೇಂದ್ರಗಡದ ಗುಡ್ಡದ ಗಾಳಿಗೆ ನನ್ನ ಮೇಲೆ ಅದೇನು ಸಿಟ್ಟಿತ್ತೋ, ನಾನು ಬಾಯಿ ತೆರೆದಾಗಲೆಲ್ಲ ಎದ್ದು ಬರುತ್ತಿತ್ತು. ಬೇರೆಯವರ ಮಾತಿಗೆ ಸುಮ್ಮನಿದ್ದು ನನ್ನ ಮಾತಿಗೇ ಬೀಸುತ್ತಿತ್ತು ಎಂದರೆ ನೀವು ನಗುತ್ತೀರಿ. ಇದು ನನ್ನ ಮಾತಲ್ಲ. ಅಂದು ಅಲ್ಲಿದ್ದ ಸೌಂಡ್ ಇಂಜಿನಿಯರರೇ ಕಿವಿಗೆ ಹಾಕಿಕೊಂಡಿದ್ದನ್ನು ಕಿತ್ತು ಡೈರೆಕ್ಟರಿಗೆ ದೂರು ಕೊಟ್ಟರು: "ಇವರು ಬಾಯಿ ಬಿಟ್ಟರೆ ಸಾಕು ಸಾರ್, ಗಾಳಿ ಬರುತ್ತೆ."

ಐವತ್ತರ ದಶಕ ಅರ್ಧ ಕಳೆದಿತ್ತು. ಅಷ್ಟರೊಳಗೆ ಮದರಾಸಿನ ಸ್ಟುಡಿಯೋಗಳಲ್ಲಿ ನಾನು ಏನೇನೋ ಆಗಿದ್ದೆ. ಈಟಿ ಹಿಡಿದು ನಿಂತ ಸಿಪಾಯಿ, ಹೋಮದ ಹೊಗೆಯಲ್ಲಿ ಕೆಮ್ಮದೆ ಕೂತ ಋಷಿ, ಕುದುರೆ ಹತ್ತಲು ಹೆದರಿದ ನಾಯಕನ ಬೆನ್ನು, ಒಂದು ಸಲ ಕರಡಿಯ ಚರ್ಮದೊಳಗಿನ ಮನುಷ್ಯ. ಹೆಣ ಆದದ್ದಂತೂ ನೆನಪಿಡಲಾರದಷ್ಟು ಸಲ. ಹೊಟ್ಟೆ ಅಲುಗದಂತೆ ಮಲಗುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂದು ಅಲ್ಲಿನವರು ಹೊಗಳುತ್ತಿದ್ದರು. ಮಾತು ಮಾತ್ರ ಯಾರೂ ಕೊಟ್ಟಿರಲಿಲ್ಲ.

ರೋಣದ ಹತ್ತಿರದ ಅಸೂಟಿಯಲ್ಲಿದ್ದ ನನ್ನ ಅಪ್ಪನಿಗೆ ಈ ಯಾವ ಪಾತ್ರವೂ ಲೆಕ್ಕಕ್ಕಿರಲಿಲ್ಲ. ಅವನು ನಾಟಕ ಕಂಪನಿಗಳಲ್ಲಿ ಪೇಟಿ ಮಾಸ್ತರನಾಗಿದ್ದವ. ಕಾಲಿನಿಂದ ತುಳಿಯುವ ಹಾರ್ಮೋನಿಯಮ್ಮಿನ ಮುಂದೆ ಕೂತು ನಟರಿಗೆ ಹಾಡು, ಮಾತು ಎರಡನ್ನೂ ತಿದ್ದುತ್ತಿದ್ದ. ಯಾರಾದರೂ ತಪ್ಪಿದರೆ ಪೇಟಿಯ ಮೇಲೆ ಅಂಗೈಯಿಂದ ಧಡ್ ಎಂದು ಬಡಿಯುತ್ತಿದ್ದ. ನಾನೂ ಆ ಪೆಟ್ಟು ಕೇಳುತ್ತಲೇ ನಟನಾದವನು. ಕಡೆಗಾಲದಲ್ಲಿ ಅವನ ಕಣ್ಣು ಪೂರ್ತಿ ಹೋಯಿತು. ಅಕ್ಕನ ಮನೆಯ ಕಟ್ಟೆಯ ಮೇಲೆ ಕೂತೇ ದಿನ ಕಳೆಯುತ್ತಿದ್ದ. ಊರಿಗೆ ಹೋದಾಗ ನಾನು ಸಿಪಾಯಿ, ಋಷಿ ಎಂದು ಶುರು ಮಾಡಿದರೆ ಕೈ ಅಡ್ಡ ಹಿಡಿಯುತ್ತಿದ್ದ.

"ನನಗ ಬರೇ ಕಿವಿ ಅಷ್ಟ ಉಳದಾವ ತಮ್ಮಾ. ನೀ ಮಾತಾಡಿದ ದಿನ ಹೇಳು. ಎತ್ತಿನ ಗಾಡಿ ಕಟ್ಟಿಸಿಕೊಂಡು ಬರತೀನಿ."

ಹಾಗಿರುವಾಗ ಕೋಟೆ ಕಾಯುವ ಈ ಕಿಲ್ಲೇದಾರನ ಪಾತ್ರ ಸಿಕ್ಕಿತು. ರಾಜನ ತಮ್ಮ ದ್ರೋಹ ಬಗೆದು ರಾತ್ರಿ ಕೋಟೆಯ ಬಾಗಿಲಿಗೆ ಬರುತ್ತಾನೆ, ಕೀಲಿ ಕೇಳುತ್ತಾನೆ. ಕಿಲ್ಲೇದಾರ ಕೊಡುವುದಿಲ್ಲ, ಅಲ್ಲೇ ಸಾಯುತ್ತಾನೆ. ಮತ್ತೆ ಹೆಣವೇ, ಬಿಡಿ! ಆದರೆ ಸಾಯುವ ಮುಂಚೆ ಮಾತಿತ್ತು. ಮೊದಲು ಎರಡು ಸಣ್ಣ ಮಾತು, ಆಮೇಲೆ ಒಂದು ದೊಡ್ಡದು: "ಈ ಬಾಗಿಲು ನನ್ನದಲ್ಲ. ನನ್ನದಾಗಿದ್ದರೆ ನಿಮ್ಮ ಒಂದೇ ಮಾತಿಗೆ ತೆರೆದುಬಿಡುತ್ತಿದ್ದೆ. ಒಳಗಿರುವವರೆಲ್ಲ ನನ್ನನ್ನು ನಂಬಿ ಮಲಗಿದ್ದಾರೆ." ಎಂಥ ಮಾತು! ಓದಿದಾಗಲೇ ಮೈ ಜುಮ್ಮೆಂದಿತು.

ಸ್ಟುಡಿಯೋದ ಹಲಗೆಯ ಕೋಟೆ ಡೈರೆಕ್ಟರಿಗೆ ಬೇಡವಾಗಿತ್ತು. ನಿಜವಾದ ಕೋಟೆ ಬೇಕೆಂದು ಗಜೇಂದ್ರಗಡಕ್ಕೆ ಬಂದರು. ಆ ಸೀಮೆಯವರು ನೀವು ಎಂದು ನನ್ನನ್ನು ಮುಂದಿಟ್ಟುಕೊಂಡರು. ಕ್ಯಾಮೆರಾ, ಬೆಳಕು ತಿರುಗಿಸುವ ಬೆಳ್ಳಿ ಕಾಗದದ ಹಲಗೆಗಳು, ಸೌಂಡಿನ ಪೆಟ್ಟಿಗೆ, ಎಲ್ಲವನ್ನೂ ಹೆಗಲ ಮೇಲೆ ಮೆಟ್ಟಿಲು ಹತ್ತಿಸಿದರು. ಹಗಲಿನಲ್ಲಿ ತೆಗೆದು ರಾತ್ರಿಯಂತೆ ಕಾಣಿಸುವ ಚಿತ್ರೀಕರಣ ಅದು. ಬಿಸಿಲು ಒಂದೇ ಕಡೆಯಿಂದ ಬೀಳಬೇಕು, ಆಕಾಶ ಚೌಕಟ್ಟಿನೊಳಗೆ ಬರಬಾರದು. ಹಾಗಾಗಿ ಬಾಗಿಲ ಮೂಲೆಯಲ್ಲಿ ಒಂದು ಅಂಗೈಯಗಲದ ಜಾಗದಲ್ಲೇ ನಾನು ನಿಲ್ಲಬೇಕಿತ್ತು. ಗಾಳಿಯ ಕಂಡಿಯೂ ಅದೇ ಮೂಲೆ.

ಮೈಕನ್ನು ಬಿದಿರಿನ ಗಳದ ತುದಿಗೆ ಕಟ್ಟಿ ನನ್ನ ತಲೆಯ ಮೇಲೆ ಹಿಡಿದರು. ಗಾಳಿಗೆ ಅಡ್ಡ ಕಂಬಳಿ ಹಿಡಿಸಿದರು. ಕಂಬಳಿಯೇ ಪಟಪಟ ಬಡಿದುಕೊಳ್ಳತೊಡಗಿತು. ಕಂಬಳಿಯನ್ನು ನೀರಿನಲ್ಲಿ ತೋಯಿಸಿ ಭಾರ ಮಾಡಿದರು. ಆಗ ಅದರ ನೆರಳು ನನ್ನ ಮುಖದ ಮೇಲೆ ಬಿತ್ತು. ಇದೆಲ್ಲ ಸರಿಹೋಯಿತು ಎನ್ನುವಷ್ಟರಲ್ಲಿ ಡೈರೆಕ್ಟರು ನನ್ನ ಮಾತು ಹಿಡಿದರು. ಅವರು ಮೈಸೂರು ಕಡೆಯವರು.

"ರೀ, 'ತೆರೆದುಬಿಡುತ್ತಿದ್ದೆ' ಅನ್ನಿ. ಕೊನೆಯಲ್ಲಿ ಏನೋ ನುಂಗಿಬಿಡ್ತೀರಲ್ರೀ."

ನನಗೆ ರೇಗಿತು. ರೇಗಿದ್ದು ಅವರ ಮೇಲಲ್ಲ. ಇದೇ ಮಾತನ್ನು ಅಪ್ಪ ಚಿಕ್ಕಂದಿನಿಂದ ಹೇಳಿಕೊಂಡು ಬಂದಿದ್ದ: "ಮಾತಿನ ಬಾಲ ನುಂಗತಿ ನೀ." ಮನೆಯಲ್ಲಿ ನಾವೆಲ್ಲ ಮಾತಿನ ತುದಿ ಹಾರಿಸಿಯೇ ಆಡುವವರು. ಅಪ್ಪನೂ ಹಾಗೇ ಆಡುತ್ತಿದ್ದ. ಆದರೆ ರಂಗದ ಮೇಲೆ ನಿಂತರೆ ಕಡೆಯ ಸಾಲಿನಲ್ಲಿ ಕೂತವನಿಗೆ ಕಡೆಯ ಅಕ್ಷರ ಮುಟ್ಟಬೇಕು ಎನ್ನುವುದು ಅವನ ಹಟ. ಎಲ್ಲರಿಗೂ ಕಲಿಸಿದ, ನನಗೊಬ್ಬನಿಗೆ ಹತ್ತಲಿಲ್ಲ.

ಬಿಸಿಲು ಇಳಿಯುತ್ತ ಬಂತು. ಕಡೆಗೆ ಡೈರೆಕ್ಟರು, "ತುಟಿ ಸರಿಯಾಗಿ ಆಡಿಸಿಬಿಡಿ. ಮಾತನ್ನು ಮದರಾಸಿನಲ್ಲಿ ತುಂಬಿಸೋಣ, ಕರೆಸ್ತೀವಿ" ಎಂದರು. ಸೌಂಡಿನವರು ತಮ್ಮ ಪೆಟ್ಟಿಗೆ ಮುಚ್ಚಿದರು. ಯಾರೂ ಹಿಡಿದಿಟ್ಟುಕೊಳ್ಳದ ಆ ಮಾತನ್ನು ನಾನು ಕೋಟೆಯ ಗೋಡೆ ಮಾರ್ದನಿಸುವಂತೆ ಆಡಿದೆ. ಸತ್ತೆ. ಎಲ್ಲರೂ ಚಪ್ಪಾಳೆ ತಟ್ಟಿದರು.

ಅಲ್ಲಿಂದ ನೇರ ಅಸೂಟಿಗೆ ಹೋದೆ. "ಅಪ್ಪಾ, ಮಾತು ಸಿಕ್ಕೈತಿ" ಎಂದೆ. ಅವನು ಕಟ್ಟೆಯಿಂದ ಎದ್ದೇ ನಿಂತ.

"ಅನ್ನು, ಕೇಳೋಣು."

ಅಂದೆ. ಮತ್ತೆ ಕೂತ ಅಪ್ಪನ ಅಂಗೈ ಕಟ್ಟೆಯ ಕಲ್ಲಿಗೆ ಬಡಿಯಿತು. ಮತ್ತೆ ಅಂದೆ, ಮತ್ತೆ ಬಡಿಯಿತು. ಅಕ್ಕ ರೊಟ್ಟಿ ಬಡಿಯುವುದನ್ನು ಬಿಟ್ಟು ಬಂದು, "ಎಪ್ಪಾ, ಪಾಪ, ದಣದ ಬಂದಾನ. ಉಣ್ಣಾಕರ ಬಿಡು" ಎಂದಳು. ಅಪ್ಪ ಕೇಳಲಿಲ್ಲ. "ಮದ್ರಾಸಿನ್ಯಾಗ ತುಂಬಸ್ತಾರಂತ. ಅಷ್ಟರಾಗ ಹದಕ್ಕ ಬರಬೇಕು" ಎಂದ. ಮರುದಿನದೊಳಗೆ ಊರಿಗೆಲ್ಲ ಸುದ್ದಿ ಮುಟ್ಟಿಸಿದ. ನಮ್ಮ ಹುಡುಗ ಸಿನೆಮಾದಾಗ ಮಾತಾಡ್ಯಾನ, ರೋಣಕ್ಕ ಬಂದಾಗ ನನ್ನ ಕರಕೊಂಡು ಹೋಗ್ರಿ ಎಂದು ಸಿಕ್ಕವರಿಗೆಲ್ಲ ಹೇಳುತ್ತಿದ್ದ. ಅವನ ಎದೆಯಲ್ಲಿ ಆಗಲೇ ಗೊರಗೊರ ಸದ್ದಿತ್ತು. ಮೆಟ್ಟಿಲು ಇಳಿದರೂ ಕೂತು ಸುಧಾರಿಸಿಕೊಳ್ಳುತ್ತಿದ್ದ. ಇನ್ನೊಂದು ಸಿನೆಮಾದ ತನಕ ಇವನು ಉಳಿಯುವುದಿಲ್ಲ ಎಂದು ನನಗೂ ಅಕ್ಕನಿಗೂ ಗೊತ್ತಿತ್ತು.

ಮದರಾಸಿಗೆ ಮರಳಿ ಸ್ಟುಡಿಯೋ ಗೇಟಿನಲ್ಲಿ ವಿಚಾರಿಸುತ್ತಲೇ ಇದ್ದೆ. ಇನ್ನೂ ಆಗಿಲ್ಲ, ಕರೆಸ್ತೀವಿ ಎನ್ನುತ್ತಿದ್ದರು. ಊಟಕ್ಕೆ ಬೇರೆಲ್ಲೋ ಹೆಣವಾಗಿ ಮಲಗುತ್ತಿದ್ದೆ, ಮಲಗಿದಲ್ಲೇ ಮನಸ್ಸಿನಲ್ಲಿ ಮಾತಿನ ಬಾಲ ತಿದ್ದಿಕೊಳ್ಳುತ್ತಿದ್ದೆ. ಒಂದು ದಿನ ಆ ಚಿತ್ರದ ಪೋಸ್ಟರನ್ನೇ ಗೋಡೆಯ ಮೇಲೆ ನೋಡಿದೆ. ನನ್ನನ್ನು ಕರೆಸದೆಯೇ ಚಿತ್ರ ಮುಗಿದಿತ್ತು. ಆದರೂ ಆಸೆ ನೋಡಿ, ಗುಡ್ಡದ ಮೇಲೆ ಮೊದಲು ಗಾಳಿಯ ಜೊತೆ ಹಿಡಿದ ದನಿಯನ್ನೇ ಹೇಗೋ ತೊಳೆದು ಬಳಸಿಕೊಂಡಿರಬೇಕು ಎಂದುಕೊಂಡೆ. ಟಿಕೀಟು ತೆಗೆದು ನೋಡಿ ಬರುವ ಧೈರ್ಯ ಮಾತ್ರ ಬರಲಿಲ್ಲ.

ಆ ಚಿತ್ರ ನಮ್ಮ ಸೀಮೆಗೆ ಬಂದಿದ್ದು ಎಷ್ಟೋ ತಿಂಗಳ ಮೇಲೆ, ಒಂದು ಟೂರಿಂಗ್ ಟಾಕೀಸಿನ ಜೊತೆ. ಡೇರೆ ಮೊದಲು ನರಗುಂದದಲ್ಲಿ, ಆಮೇಲೆ ರೋಣದಲ್ಲಿ ಎಂದು ಅಕ್ಕ ಹೇಳಿ ಕಳಿಸಿದಳು. ನಾನು ಬಂದವನೇ ಅಸೂಟಿಗೆ ಹೋಗದೆ ನರಗುಂದದ ಬಸ್ಸು ಹತ್ತಿದೆ. ಗುಡ್ಡದ ಕೆಳಗಿನ ಬಯಲಿನಲ್ಲಿ ಡೇರೆ ಹಾಕಿದ್ದರು. ನೆಲದ ಮೇಲೆ ಮಂದಿಯ ನಡುವೆ ಕೂತೆ.

ಬಾಗಿಲ ಮೂಲೆಯಲ್ಲಿ ನಾನು ಕಂಡೆ. ನನ್ನ ತುಟಿ ಆಡಿದವು. ಬಂದ ದನಿ ನನ್ನದಲ್ಲ.

ದುಂಡು ದನಿ, ತುಂಬಿದ ದನಿ. ಒಂದೊಂದು ಅಕ್ಷರವೂ ತಿದ್ದಿ ಇಟ್ಟ ಹಾಗೆ. "ತೆರೆದುಬಿಡುತ್ತಿದ್ದೆ" ಎನ್ನುವಾಗ ಕಡೆಯ ಅಕ್ಷರ ಡೇರೆಯ ಹಿಂದಿನ ಗೂಟದ ತನಕ ಹೋಗಿ ನಿಂತಿತು. ಯಾರ ದನಿಯೋ ಇಂದಿಗೂ ಗೊತ್ತಿಲ್ಲ. ಅವನೂ ನನ್ನ ಹಾಗೆ ಹೊಟ್ಟೆಪಾಡಿನವನೇ ಇರಬೇಕು, ಬೈಯಲಾರೆ. ಮಂದಿ ಸಿಳ್ಳೆ ಹೊಡೆದರು. ಪಕ್ಕದವನೊಬ್ಬ ನನ್ನ ಮುಖ, ತೆರೆಯ ಮುಖ ಎರಡನ್ನೂ ನೋಡಿ, "ಅಲ್ರೀ, ಅಂವ ನೀವಲ್ಲೇನ್ರಿ?" ಎಂದು ಕೇಳಿದ. ಅಲ್ಲ ಎಂದೆ.

ಆಟ ಮುಗಿದ ಮೇಲೆ ಏಳಲಾರದೆ ಅಲ್ಲೇ ಕೂತಿದ್ದೆ. ಡೇರೆಯ ಆಪರೇಟರ ಕಂಡು ಹತ್ತಿರ ಬಂದ. ಗದಗಿನ ಕಡೆಯವ, ನಾಟಕದ ಹುಚ್ಚಿನವ. ಅಪ್ಪನ ಹೆಸರು ಹೇಳಿದ ಕೂಡಲೇ ಕೈ ಮುಗಿದ. ಅವರ ಪೇಟಿ ಕೇಳಾಕ ನಾ ಸಾಲಿ ಬಿಟ್ಟು ಓಡಿ ಹೋಗಿದ್ದೆ ಎಂದ. ಆ ಭರದಲ್ಲೇ ನಾನು ಎಲ್ಲ ಹೇಳಿಕೊಂಡೆ.

"ಹಿರೇರ ಮುಂದ ಖರೇ ಹೇಳಿಬಿಡ್ರಲಾ."

"ಹ್ಯಾಂಗ ಹೇಳ್ಲೋ? ಊರಿಗೆಲ್ಲಾ ಹೇಳ್ಕೊಂಡು ಕುಂತಾನ. ಇದೊಂದು ಕೇಳಿ ಸಾಯಬೇಕಂತಾನ."

 ಅವನು ನನ್ನನ್ನು ತನ್ನ ತಗಡಿನ ಕೋಣೆಗೆ ಕರೆದುಕೊಂಡು ಹೋಗಿ ಸೌಂಡಿನ ಯಂತ್ರದ ಮೇಲೆ ತಿರುಗಿಸುವ ಒಂದು ಗುಬ್ಬಿ ತೋರಿಸಿದ. ಈ ಕಡೆ ತಿರುವಿದರೆ ಫಿಲ್ಮಿನ ದನಿ ಭೋಂಗಾಕ್ಕೆ, ಅಂದರೆ ತೆರೆಯ ಹಿಂದಿನ ಸ್ಪೀಕರಿಗೆ ಹೋಗುತ್ತದೆ, ಆ ಕಡೆ ತಿರುವಿದರೆ ಮೈಕಿನ ದನಿ. ಆಟದ ನಡುವೆ ಮಾಲೀಕ ಮುಂದಿನ ಚಿತ್ರದ ಹೆಸರು ಕೂಗುವುದಕ್ಕೆ ಇಟ್ಟುಕೊಂಡಿದ್ದ ಮೈಕು ಅದು. "ನಿಮ್ಮ ಮಾತು ಬಂದಾಗ ಆ ಕಡೆ ತಿರುವತೀನಿ. ನೀವ ಮಾತಾಡಿಬಿಡ್ರಿ. ಭೋಂಗಾ ಅದೇ, ತೆರಿ ಅದೇ. ಹಿರೇರಿಗೆ ಏನ್ ಗೊತ್ತಾಕ್ಕೈತಿ?"

ಡೇರೆಯ ಜೊತೆಗೇ ನಾನೂ ರೋಣಕ್ಕೆ ಬಂದೆ. ಅಪ್ಪನನ್ನು ಕರೆತರುವ ದಿನ ಬರುವ ತನಕ ಪ್ರತಿ ಸಂಜೆ ಮೊದಲನೇ ಆಟದಲ್ಲಿ ನಮ್ಮ ಅಭ್ಯಾಸ ನಡೆಯಿತು. ಮೊದಲು ತೆರೆಯ ಹಿಂದೆ ನಿಲ್ಲುತ್ತೇನೆ ಎಂದೆ. ಭೋಂಗಾದ ಪಕ್ಕ ಮೈಕು ತಂದರೆ ಕುಂಯ್ ಎಂದು ಕೂಗಿಕೊಳ್ಳುತ್ತದೆ, ಆಗದು ಎಂದ ಆಪರೇಟರ. ಅವನ ಕೋಣೆಯಲ್ಲಿ ನಿಂತರೆ ಪ್ರೊಜೆಕ್ಟರಿನ ಕಟಕಟ ಸದ್ದೆಲ್ಲ ಮೈಕಿನೊಳಗೆ ಹೋಗುತ್ತದೆ. ಕಡೆಗೆ ಡೇರೆಯ ಪಕ್ಕದಲ್ಲಿ, ಹೊರಗೆ, ಬಟ್ಟೆಯ ಸೀಳಿನಿಂದ ತೆರೆ ಕಾಣುವ ಕಡೆ ಜಾಗ ಮಾಡಿದೆವು. ತಂತಿ ಎಳೆದು ತಂದು, ಮೈಕಿಗೆ ಕಂಬಳಿ ಸುತ್ತಿ, ನನ್ನ ಕೈಯಿಂದ ಅವನ ಕೈಗೆ ಒಂದು ಸುತಳಿ ಕಟ್ಟಿದೆವು. ಎಳೆದರೆ ಮೈಕು, ಮತ್ತೆ ಎಳೆದರೆ ಫಿಲ್ಮು. ರಾಜನ ತಮ್ಮನ ಮಾತು ನಡುನಡುವೆ ಬರುತ್ತದಲ್ಲ, ಅದು ಫಿಲ್ಮಿನಿಂದಲೇ ಕೇಳಬೇಕು. ಕಂಪನಿಯಲ್ಲಿ ಪರದೆ ಏಳಿಸಲು ಹೀಗೇ ಹಗ್ಗ ಎಳೆಯುತ್ತಿದ್ದರು.

ಅಭ್ಯಾಸವೆಂದರೆ ಮೈಕು ತೆರೆಯದೆ ತುಟಿಗೆ ತುಟಿ ಕೂಡಿಸುವುದು. ತುಟಿ ನನ್ನವೇ ಅಲ್ಲವೇ, ಕೂಡಿದವು. ಕೂಡದೇ ಹೋದದ್ದು ಬೇರೆ. ಗುಡ್ಡದ ಮೇಲೆ ಈ ಮಾತನ್ನು ನಾನು ಹೇಗೆ ಆಡಿದ್ದೆ ಎಂಬುದೇ ನನಗೆ ಮರೆತುಹೋಗಿತ್ತು. ದಿನದಿನವೂ ಆ ಪರದೇಶಿಯ ದನಿ ಕೇಳಿ ಕೇಳಿ ನನ್ನ ನಾಲಗೆ ಅವನ ಏರಿಳಿತವನ್ನೇ ಹಿಡಿಯಲು ಹೋಗುತ್ತಿತ್ತು, ಹಿಡಿಯಲಾರದೆ ಎಡವುತ್ತಿತ್ತು. ನನ್ನ ಪಾತ್ರವನ್ನು ನಾನೇ ನಕಲು ಮಾಡುವ ಗತಿ ಬಂತಲ್ಲಪ್ಪ ಎಂದು ಒಬ್ಬನೇ ಗೂಟ ಹಿಡಿದು ಅತ್ತೆ. ಹೌದು, ಅತ್ತೆ, ಅದರಲ್ಲಿ ಮುಚ್ಚಿಡುವುದೇನು?

ಆ ದಿನ ಸಂಜೆ ಅಸೂಟಿಯಿಂದ ಗಾಡಿ ಬಂತು. ಅಪ್ಪ ಕಂಪನಿಯ ಕಾಲದ ಕರಿ ಕೋಟು ಹಾಕಿಕೊಂಡಿದ್ದ, ರುಮಾಲು ಸುತ್ತಿದ್ದ. ಅಕ್ಕ ಅವನನ್ನು ಇಳಿಸುವಾಗ ಎದೆಯ ಗೊರಗೊರ ದೂರಕ್ಕೇ ಕೇಳುತ್ತಿತ್ತು. ಕುರ್ಚಿ ಹಿಂದೆ ಇವೆ ಎಂದೆ. ತಲೆ ಅಲ್ಲಾಡಿಸಿದ.

"ನನಗ ನೋಡೂದೇನೈತಿ? ಭೋಂಗಾದ ಹಂತ್ಯಾಕ ಕುಂಡ್ರಸು."

ಆಪರೇಟರ ರೀಲು ತುಂಬುವ ದೊಡ್ಡ ಖಾಲಿ ತಗಡಿನ ಡಬ್ಬಿಯೊಂದನ್ನು ತೆರೆಯ ಹತ್ತಿರ ಬೋರಲು ಹಾಕಿ ಕೂರಿಸಿದ, ಪಾದ ಮುಟ್ಟಿದ. "ನೀನೂ ಇಲ್ಲೇ ಕುಂಡ್ರೋ ತಮ್ಮಾ" ಎಂದು ಅಪ್ಪ ನನ್ನ ತೋಳು ಹಿಡಿದ. ಮಾಲೀಕರ ಕಡೆ ಸ್ವಲ್ಪ ಕೆಲಸವಿದೆ ಎಂದು ಬಿಡಿಸಿಕೊಂಡು ಹೊರಗೆ ಬಂದೆ.

ರೀಲು ಒಂದೊಂದಾಗಿ ಮುಗಿದವು. ಕೋಟೆಯ ಬಾಗಿಲು ಬಂತು. ಸುತಳಿ ಎಳೆದೆ.

ಹಿನ್ನೆಲೆಯ ವಾದ್ಯ ಕತ್ತರಿಸಿದ ಹಾಗೆ ನಿಂತಿತು. ಅದನ್ನು ಅಭ್ಯಾಸದಲ್ಲಿ ನಾವಿಬ್ಬರೂ ಯೋಚಿಸಿಯೇ ಇರಲಿಲ್ಲ. ಗುಬ್ಬಿ ತಿರುವಿದರೆ ನನ್ನ ಬದಲಿನ ದನಿಯಷ್ಟೇ ಅಲ್ಲ, ವಾದ್ಯ, ಕುದುರೆಯ ಸದ್ದು, ಎಲ್ಲವೂ ಹೋಗುತ್ತವೆ. ಡೇರೆಯ ತುಂಬ ಬರೀ ಹುಂಯ್ ಎನ್ನುವ ಮೌನ. ಅದರೊಳಗೆ ನಾನು ಮೊದಲನೇ ಮಾತು ಆಡಿದೆ: "ಯಾರಲ್ಲಿ? ದೀವಟಿಗೆಯನ್ನು ಮುಖದ ಹತ್ತಿರ ಹಿಡಿಯಿರಿ." ಭೋಂಗಾದಿಂದ ನನ್ನ ದನಿ ನನಗೇ ತೆಳ್ಳಗೆ ಕೇಳಿಸಿತು. ಸುತಳಿ ಎಳೆದೆ, ರಾಜನ ತಮ್ಮ ಗುಡುಗಿದ. ಮತ್ತೆ ಎಳೆದೆ, ಎರಡನೆಯ ಮಾತು ಆಡಿದೆ, ಫಿಲ್ಮಿಗೆ ತಿರುಗಿಸಲು ಇನ್ನೊಮ್ಮೆ ಎಳೆದೆ.

ಈ ಮೊದಲು ನೋಡಿ ಹೋಗಿ ಮತ್ತೆ ಬಂದವರು ಬಹಳ ಮಂದಿ ಇದ್ದರು. "ಏ, ಸೌಂಡ್ ಕೆಟ್ಟೈತ್ಯೋ!" ಎಂದು ಒಬ್ಬ ಕೂಗಿದ. "ಆಪರೇಟರ್, ನಿದ್ದಿ ಹೊಡೀತಿ ಏನಲೇ?" ಎಂದು ಇನ್ನೊಬ್ಬ. ಸೌಂಡ್, ಸೌಂಡ್ ಎಂದು ಚಪ್ಪಾಳೆ ಶುರುವಾಯಿತು. ಮಂದಿಯ ಕೂಗಿಗೆ ನಾನು ಹೆದರುವವನಲ್ಲ, ಕಂಪನಿಯಲ್ಲಿ ಇದಕ್ಕಿಂತ ಹೆಚ್ಚಿನದನ್ನು ಕೇಳಿದವನು. ಆದರೆ ಆ ಗದ್ದಲದ ನಡುವೆ ಇನ್ನೊಂದು ಸದ್ದು ಬಂತು. ತೆರೆಯ ಹತ್ತಿರ, ತಗಡಿನ ಡಬ್ಬಿಯ ಮೇಲೆ, ಅಂಗೈಯ ಪೆಟ್ಟು. ಧಡ್.

ಅಪ್ಪ ನನ್ನನ್ನು ಗುರುತು ಹಿಡಿದಿದ್ದ. ನುಂಗಿದ ಬಾಲದಿಂದಲೇ ಗುರುತು ಹಿಡಿದಿದ್ದ.

ಮುಂದಿನದು ದೊಡ್ಡ ಮಾತು. ತೆರೆಯ ಮೇಲೆ ರಾಜನ ತಮ್ಮ ಕೈ ಚಾಚಿ ಕೀಲಿ ಕೇಳುತ್ತಿದ್ದ. ಸುತಳಿ ನನ್ನ ಬೆರಳಿನಲ್ಲಿತ್ತು. ಎಳೆದರೆ ನನ್ನ ದನಿ, ಎಳೆಯದಿದ್ದರೆ ಆ ಪರದೇಶಿಯದು. ನನ್ನದೇ ದನಿಯಲ್ಲಿ ಅಪ್ಪನಿಗೆ ಇದೊಂದು ಮಾತು ಕೇಳಿಸಬೇಕೆಂದು ಅಷ್ಟು ದಿನ ಒದ್ದಾಡಿದವನು ನಾನು. ಆ ಪೆಟ್ಟು ಇನ್ನೊಮ್ಮೆ ಬೀಳುವುದನ್ನು ಮಾತ್ರ ಕೇಳಲಾರದಾದೆ. ಸುತಳಿಯನ್ನು ಕೈಬಿಟ್ಟೆ.

"ಈ ಬಾಗಿಲು ನನ್ನದಲ್ಲ" ಎಂದಿತು ಆ ದುಂಡು ದನಿ. ವಾದ್ಯ ತುಂಬಿ ಬಂತು. ಮಂದಿ ಸುಮ್ಮನಾದರು. ಸೀಳಿನಿಂದ ನೋಡಿದೆ. ತೆರೆಯ ಬೆಳಕಿನಲ್ಲಿ ಅಪ್ಪ ಕತ್ತು ಮೇಲೆತ್ತಿ ಕೂತಿದ್ದ. ಕೈ ಡಬ್ಬಿಯ ಮೇಲೆ ಬೀಳಲಿಲ್ಲ. "ತೆರೆದುಬಿಡುತ್ತಿದ್ದೆ" ಎಂಬಲ್ಲಿ ಆ ಕೈ ನಿಧಾನವಾಗಿ ಗಾಳಿಯಲ್ಲಿ ಎದ್ದು ನಿಂತಿತು. ಕಂಪನಿಯಲ್ಲಿ ನಟನೊಬ್ಬ ಅಪ್ಪನ ಮನಸ್ಸು ತುಂಬುವ ಹಾಗೆ ಆಡಿದಾಗ ಅವನು ಹಾಗೆ ಕೈ ಎತ್ತುತ್ತಿದ್ದ. ನನಗೆ ಎಂದೂ ಎತ್ತಿರಲಿಲ್ಲ.

ಗಾಡಿಗೆ ಹತ್ತಿಸುವಾಗ ಅಪ್ಪ ನನ್ನ ಮುಖವನ್ನೆಲ್ಲ ಕೈಯಿಂದ ತಡವಿದ.

"ಮೊದಲ ಎರಡು ಮಾತಿಗೆ ಗಂಟಲ ಕಟ್ಟಿತ್ತು ನಿನಗ. ಅದ ಹಳೇ ಚಾಳಿ, ಬಾಲ ನುಂಗಿದಿ. ಆತು, ಇಂವ ಸುಧಾರಿಸಾಂವ ಅಲ್ಲ ಅಂದ್ಕೊಂಡೆ. ಆಮ್ಯಾಲ ತೆರಕೊಂತು ನೋಡು! ಹಾಂ! ನನ್ನ ಜೀವಮಾನ ಎಲ್ಲಾ ನಿನ್ನ ಗಂಟಲಾಗಿಂದ ಆ ದನಿ ತಗೀಬೇಕಂತ ಪೇಟಿ ತುಳದೆ. ಇವತ್ತ ಬಂತು."

ನಾನು ಹೂಂ ಎಂದೆ.

"ಇನ್ನೊಮ್ಮೆ ಅನ್ನು. ನನಗಷ್ಟ."

ಅಕ್ಕ ಕಂದೀಲು ಹಿಡಿದು ನನ್ನನ್ನೇ ನೋಡುತ್ತಿದ್ದಳು. ಅವಳಿಗೆ ತಿಳಿದಿತ್ತೆಂದು ಕಾಣುತ್ತದೆ, ಮುಖ ಆ ಕಡೆ ತಿರುಗಿಸಿದಳು.

"ಗಂಟಲ ಕುಂತೈತಿ ಅಪ್ಪಾ. ನಾಳೆ ಅಂತೀನಿ."

"ಆತು, ಆತು. ಜೋಪಾನ ಮಾಡು ಅದನ್ನ. ಈಗ ಸಿಕ್ಕೈತಿ, ಕಳಕೋಬ್ಯಾಡ."

ನಾಳೆ ಎಂದವನು ನಾಡಿದ್ದು ಎಂದೆ, ಆಮೇಲೆ ಥಂಡಿಯಾಗಿದೆ ಎಂದೆ. ಅಪ್ಪ ನಾವು ಅಂದುಕೊಂಡದ್ದಕ್ಕಿಂತ ಹೆಚ್ಚು ಕಾಲವೇ ಬದುಕಿದ. ಊರಿಗೆ ಹೋದಾಗಲೆಲ್ಲ ನಾನು ಅವನ ಮುಂದೆ ಮಾತು ಕಡಿಮೆ ಮಾಡಿದೆ. ನೀರು ಕೊಡುವಾಗಲೂ ಸುಮ್ಮನೆ ಲೋಟ ಕೈಗಿಡುತ್ತಿದ್ದೆ. ಕಟ್ಟೆಗೆ ಬಂದು ಕೂತ ಊರಿನವರು, ಆ ಬಾಗಿಲದ ಮಾತು ಒಂದಿಷ್ಟು ಅನ್ರಿ, ಕೇಳೋಣು ಎಂದು ನನಗೆ ಗಂಟು ಬೀಳುತ್ತಿದ್ದರು. ನಾನು ತಲೆ ತಗ್ಗಿಸುತ್ತಿದ್ದೆ. ಅಪ್ಪನೇ ಅವರ ಮೇಲೆ ಹರಿಹಾಯುತ್ತಿದ್ದ.

"ಅವನ್ನ ಕಾಡಬ್ಯಾಡ್ರೋ! ಸಿನೆಮಾದ ಮಂದಿ ಹಿಂಗ. ದನಿ ಸುಮ್ಮಸುಮ್ಮನ ಖರ್ಚ ಮಾಡೂದಿಲ್ಲ ಅವರು."